ಮೂರನೇ ಫಾರಂನ ಕೊರಿಯನ್

ಪುಸ್ತಕ ಓದಿದವರು ಲೋಕದಲ್ಲಿ ಬೇಕಾದಷ್ಟು ಜನ. ಓದಿದೆ ಎಂದು ಹೇಳಿಕೊಂಡು ತಿರುಗುವವರು ಅದಕ್ಕಿಂತ ಹೆಚ್ಚು. ಆದರೆ ಇಪ್ಪತ್ತಾರು ವರ್ಷ, ಕೈಗೆ ಬಂದ ಪ್ರತಿಯೊಂದು ಪುಸ್ತಕದಲ್ಲೂ ಮೂವತ್ತಮೂರನೇ ಪುಟದಿಂದ ನಲವತ್ತೆಂಟನೇ ಪುಟದವರೆಗೆ ಮಾತ್ರ ಓದಿದವಳು ನನಗೆ ತಿಳಿದ ಮಟ್ಟಿಗೆ ಒಬ್ಬಳೇ. ಅಚ್ಚಾದ ಹಾಳೆ ಮಡಿಸುವುದು ಅವಳ ಕೆಲಸವಾದ್ದರಿಂದ ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಮಡಿಕೆಯಕ್ಕ ಎಂದು ಕರೆಯುತ್ತಿದ್ದರು.

ಆ ಪ್ರೆಸ್ಸು ಅಚ್ಚು ಹಾಕುತ್ತಿದ್ದದ್ದೆಲ್ಲ ಅರವತ್ತನಾಲ್ಕು ಪುಟದ ಪುಟ್ಟ ಪುಸ್ತಕಗಳು. ಮನೆಮದ್ದು, ಪತ್ರ ಬರೆಯುವ ಕ್ರಮ, ಪತ್ತೇದಾರಿ ಕಥೆ, ಬೈಸಿಕಲ್ ರಿಪೇರಿ. ಕೆಳಗೆ ಯಂತ್ರಗಳು, ಮೇಲಿನ ಅಂತಸ್ತಿನಲ್ಲಿ ಒಂದು ಉದ್ದನೆಯ ಮೇಜು, ಮೇಜಿಗೆ ನಾಲ್ವರು ಹೆಂಗಸರು. ಕೆಳಗಿನಿಂದ ಟವೆಲಿನಷ್ಟು ಅಗಲದ ಹಾಳೆಗಳು ಬರುತ್ತಿದ್ದವು. ಆ ಬದಿಗೆ ಎಂಟು ಪುಟ, ಈ ಬದಿಗೆ ಎಂಟು ಪುಟ. ಮೂರು ಸಲ ಮಡಿಸಿದರೆ ಹದಿನಾರು ಪುಟದ ಒಂದು ಕಂತು. ಅದಕ್ಕೆ ಪ್ರೆಸ್ಸಿನವರ ಬಾಯಲ್ಲಿ ಫಾರಂ ಎಂದು ಹೆಸರು. ಒಂದನೇ ಫಾರಂ ಒಂದನೆಯವಳಿಗೆ, ಎರಡನೆಯದು ಎರಡನೆಯವಳಿಗೆ, ಮೂರನೆಯದು ಮಡಿಕೆಯಕ್ಕನಿಗೆ. ಮಡಿಸಿದ್ದೆಲ್ಲ ಹೊಲಿಗೆಗೆ ಬೇರೆ ಬೀದಿಯ ಬೇರೆ ಕಟ್ಟಡಕ್ಕೆ ಹೋಗುತ್ತಿತ್ತು. ಪೂರ್ತಿ ಪುಸ್ತಕ ಎಂಬುದು ಆ ಮೇಜಿನ ಬಳಿಗೆ ಒಮ್ಮೆಯೂ ತಿರುಗಿ ಬಂದದ್ದಿಲ್ಲ.

ಹೀಗಾಗಿ ಮಡಿಕೆಯಕ್ಕನಿಗೆ ಎಲ್ಲದರ ನಡುಭಾಗ ಚೆನ್ನಾಗಿ ಗೊತ್ತಿತ್ತು. ಹೆಣ ಎಲ್ಲಿ ಬಿದ್ದಿದೆ ಎಂಬುದು ಗೊತ್ತು, ಕೊಂದವರು ಯಾರೆಂದು ಗೊತ್ತಿಲ್ಲ. ಬೈಸಿಕಲ್ಲಿನ ಚೈನು ಹಾಕಲು ಗೊತ್ತು, ಬಿಚ್ಚಲು ಗೊತ್ತಿಲ್ಲ. “ನಿಂಗೆ ಬೇಜಾರಾಗಲ್ವೇನೇ, ತಲೆಯೂ ಇಲ್ಲ ಬಾಲವೂ ಇಲ್ಲ” ಎಂದು ಒಂದನೆಯವಳು ಕೇಳಿದರೆ, “ಊಟದಲ್ಲೂ ನಡುವಿನದೇ ಅಲ್ವಾ ಹೊಟ್ಟೆ ತುಂಬೋದು” ಎನ್ನುತ್ತಿದ್ದಳು. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೆ ನಂಬಿದ್ದಳು.

ನಂಬದೆ ಅವಳಿಗೆ ಬೇರೆ ದಾರಿಯೂ ಇರಲಿಲ್ಲ ಎನ್ನಿ. ಅವಳ ಸಂಸಾರವೂ ಅಂಥದೇ ಫಾರಂ. ಮೂವತ್ತೊಂದನೇ ವಯಸ್ಸಿನಲ್ಲಿ ಅವಳು ಮದುವೆಯಾದದ್ದು ಕನ್ನಡಕದ ಗಾಜು ಉಜ್ಜುವ ಒಬ್ಬ ವಿಧುರನನ್ನು. ಹೊಸಿಲು ದಾಟಿದಾಗ ಅವನ ಹನ್ನೊಂದು ವರ್ಷದ ಮಗಳು ಮೂಲೆಯ ಸ್ಟೂಲಿನ ಮೇಲೆ ಕುಳಿತು ಹೋಂವರ್ಕ್ ಬರೆಯುತ್ತಿದ್ದಳು. ತಲೆ ಎತ್ತಿ ನೋಡಿದಳು, ಮತ್ತೆ ಬಗ್ಗಿಸಿದಳು. ಆ ಹುಡುಗಿಯ ಕಥೆ ಅದಾಗಲೇ ಎರಡು ಫಾರಂ ಮುಗಿದಿತ್ತು. ಮೊದಲ ಹೆಜ್ಜೆ, ಮೊದಲ ಹಲ್ಲು, ಅಮ್ಮನ ಕಾಯಿಲೆ, ಅಮ್ಮನ ಸಾವು, ಯಾವುದರಲ್ಲೂ ಇವಳಿಲ್ಲ. ಕೆಟ್ಟ ಮಲತಾಯಿ, ಅಳುವ ಮಗು, ಅಂಥದ್ದೇನೂ ಆ ಮನೆಯಲ್ಲಿ ನಡೆಯಲಿಲ್ಲ. ಹುಡುಗಿ ಒಂದು ದಿನವೂ ಎದುರಾಡಲಿಲ್ಲ. ಒಂದು ದಿನವೂ ಏನೆಂದೂ ಕರೆಯಲೂ ಇಲ್ಲ. ಬೇಕಾದಾಗ ಹತ್ತಿರ ಬಂದು ನಿಂತು, “ಸ್ವಲ್ಪ ಇದು ಹಿಡ್ಕೊಳ್ತೀರಾ?” ಎನ್ನುವಳು. ದೂರದಿಂದ ಕೂಗಬೇಕಾದ ಸಂದರ್ಭ ಬಂದರೆ ಎದ್ದು ಹತ್ತಿರಕ್ಕೇ ಬರುವಳು. ಹದಿನೆಂಟು ವರ್ಷದಲ್ಲಿ ಆ ಪುಟ್ಟ ಮನೆಯೊಳಗೆ ಆ ಹುಡುಗಿ ನಡೆದ ದೂರ ಅಳೆದರೆ ಸಮುದ್ರ ಸಿಕ್ಕೀತು.

ಗಾಜು ಉಜ್ಜುವವನು ಆರು ವರ್ಷದ ಹಿಂದೆ ತೀರಿಹೋದ. ಹುಡುಗಿ ದೊಡ್ಡವಳಾಗಿ, ಹಲ್ಲಿನ ಡಾಕ್ಟರರಿಗೆ ಕಟ್ಟುಹಲ್ಲು ಮಾಡಿಕೊಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಗೆ ಒಂದು ದಿನ ಮುರಿದ ಹಲ್ಲೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಒಬ್ಬ ಕೊರಿಯಾದವನು ಬಂದ. ಶೀತಲ ಗೋದಾಮಿನ ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್, ಐದು ವರ್ಷದಿಂದ ಇಲ್ಲೇ ಇದ್ದು ನಮ್ಮ ಮಾತು ಚೆನ್ನಾಗಿ ಕಲಿತವನು. ಹಲ್ಲು ಒಂದೇ ವಾರದಲ್ಲಿ ಸರಿಯಾಯಿತು. ಅವನು ಮಾತ್ರ ಹತ್ತು ತಿಂಗಳು ಅದು ಅಲುಗುತ್ತದೆ ಎಂದು ಹೇಳಿಕೊಂಡು ಬರುತ್ತಲೇ ಇದ್ದ. ಕೊನೆಗೆ ಇಬ್ಬರೂ ಮದುವೆಯಾಗುವುದೆಂದು ತೀರ್ಮಾನವಾಯಿತು.

ಸುದ್ದಿ ಕೇಳಿ ಮಡಿಕೆಯಕ್ಕನಿಗೆ ಖುಷಿಯಾಯಿತು. ಖುಷಿಗೆ ಏನು ಮಾಡಬೇಕೆಂದು ತಿಳಿಯದೆ ಮನೆಯ ಎಲ್ಲ ಕಿಟಕಿಗಳ ಗಾಜು ಒರೆಸಿದಳು. ಅದಾದ ಮೂರು ದಿನಕ್ಕೆ ಹುಡುಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಮುಂದಿನ ತಿಂಗಳು ಮೊದಲ್ನೇ ಭಾನುವಾರ ಅವರಮ್ಮ ಬರ್ತಿದಾರೆ. ಅತ್ತೆಗೆ ಬರೋಕೆ ಹೇಳಿದೀನಿ. ನಮ್ಮ ಕಡೆಯಿಂದ ಹಿರಿಯರು ಅಂತ ಒಬ್ಬರು ಕೂರಬೇಕಲ್ಲ.”

ಅತ್ತೆ ಎಂದರೆ ಗಾಜು ಉಜ್ಜುವವನ ತಂಗಿ, ಹುಡುಗಿಯ ಸೋದರತ್ತೆ. ವರ್ಷಕ್ಕೆರಡು ಸಲ ರೈಲಿನಲ್ಲಿ ಬಂದು, ಎರಡು ದಿನ ಇದ್ದು, ಎರಡು ತಿಂಗಳಿಗಾಗುವಷ್ಟು ಮಾತಾಡಿ ಹೋಗುವವಳು.

“ಒಳ್ಳೇದು” ಎಂದಳು ಮಡಿಕೆಯಕ್ಕ.

“ನಿಮಗೆ ಅವತ್ತು ಪ್ರೆಸ್ಸಲ್ಲಿ ಕೆಲಸ ಇದ್ರೆ, ಹೋದ್ರೂ ಪರವಾಗಿಲ್ಲ. ಮುಜುಗರ ಆಗೋದು ಬೇಡ ಅಂತ ಹೇಳ್ದೆ ಅಷ್ಟೆ.”

“ಹೌದು, ಕೆಲಸ ಇರುತ್ತೆ” ಎಂದಳು ಮಡಿಕೆಯಕ್ಕ. ಭಾನುವಾರ ಪ್ರೆಸ್ಸಿಗೆ ಬೀಗ ಎಂಬುದು ಹುಡುಗಿಗೂ ಗೊತ್ತು, ಇವಳಿಗೂ ಗೊತ್ತು.

ಹುಡುಗಿಯನ್ನು ಬೈಯಬೇಡಿ. ತನ್ನ ತಾಯಿಯ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿದರೆ ಸತ್ತವಳಿಗೆ ಮೋಸವಾದೀತೆಂದು ಆ ಹುಡುಗಿ ಹನ್ನೊಂದನೇ ವಯಸ್ಸಿನಲ್ಲಿ ಅಂದುಕೊಂಡಿದ್ದಳು. ಒಮ್ಮೆ ಅಂದುಕೊಂಡದ್ದನ್ನು ಬಿಡಲು ಯಾರೂ ಅವಳಿಗೆ ಹೇಳಿರಲಿಲ್ಲ. ಆದರೆ ಮಡಿಕೆಯಕ್ಕನ ಹೊಟ್ಟೆಯಲ್ಲಿ ಆ ದಿನದಿಂದ ಒಂದು ಆಸೆ ಕುಳಿತುಬಿಟ್ಟಿತು. ಆ ಭಾನುವಾರ ಆ ಕೋಣೆಯಲ್ಲಿ ತನಗೂ ಒಂದು ಕುರ್ಚಿ ಬೇಕು. ಮಾತಾಡಲು ಬೇಡ, ಮುಂದೆ ಕೂರಲೂ ಬೇಡ, ಗೋಡೆಯ ಪಕ್ಕದಲ್ಲಾದರೂ ಸರಿ. ನಲವತ್ತೊಂಬತ್ತು ವರ್ಷಕ್ಕೆ ಅವಳು ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ, ಇದನ್ನೂ ಕೇಳಲಿಲ್ಲ.

ಅದೇ ವಾರ ಪ್ರೆಸ್ಸಿನ ಮೇಜಿನ ಮೇಲೆ ಹೊಸ ಪುಸ್ತಕದ ಹಾಳೆಗಳು ಬಂದು ಬಿದ್ದವು. ಹೊಸದಾಗಿ ಕಲಿಯುವವರಿಗೆ ದಿನಬಳಕೆಯ ಕೊರಿಯನ್ ಪದಗಳು. ಯಾವುದೋ ಭಾಷಾ ಶಾಲೆಯವರು ಮಾಡಿಸಿದ್ದು, ನಾಲ್ಕು ಸಾವಿರ ಪ್ರತಿ. ಎಡಕ್ಕೆ ಕೊರಿಯನ್ ಪದ ನಮ್ಮ ಅಕ್ಷರದಲ್ಲಿ, ಬಲಕ್ಕೆ ಅರ್ಥ.

ಮಡಿಕೆಯಕ್ಕ ಹಾಳೆಯನ್ನು ನೋಡಿದಳು. ಹತ್ತಿರಕ್ಕೆ ಎಳೆದು ಮತ್ತೊಮ್ಮೆ ನೋಡಿದಳು. ಬರುವ ಹೆಂಗಸಿನ ಮಾತು ನಾಲ್ಕು ಕಲಿತರೆ ಕುರ್ಚಿಗೂ ದಾರಿಯಾದೀತು; ಬೇಡುವವಳ ಬಳಿಗೆ ಪುಸ್ತಕವೇ ನಡೆದು ಬಂದಿತ್ತಲ್ಲ! ಆದರೆ ಬಂದದ್ದು ಮೂರನೇ ಫಾರಂ ಮಾತ್ರ. ನಮಸ್ಕಾರ, ನಾನು, ನೀನು, ಹೌದು, ಇಲ್ಲ, ಅಮ್ಮ, ಅಪ್ಪ, ಮಗಳು, ಎಲ್ಲವೂ ಒಂದನೆಯವಳ ಪಾಲಿಗೆ ಹೋಗಿತ್ತು. ಸಂತೆ, ರಸ್ತೆ, ಬಸ್ಸು ಎರಡನೆಯವಳಿಗೆ. ಸಂತೋಷ, ದುಃಖ, ಕ್ಷಮಿಸಿ, ದಯವಿಟ್ಟು, ಅವೆಲ್ಲ ನಾಲ್ಕನೆಯವಳಿಗೆ. ಇವಳಿಗೆ ಸಿಕ್ಕಿದ್ದು ಅಡುಗೆಮನೆ, ಮಲಗುವ ಕೋಣೆ, ಹವೆ, ಮೈಯ ಅಂಗಗಳು ಮತ್ತು ಒಂದು ಪುಟ ಕಾಯಿಲೆ.

ಉಳಿದವರ ಹಾಳೆ ಕೇಳಬಹುದಿತ್ತು ಎನ್ನುತ್ತೀರಿ. ಕೆಟ್ಟ ಹಾಳೆ, ಅಂದರೆ ಮಸಿ ಚೆಲ್ಲಿದ್ದು, ಓರೆ ಕೂತದ್ದು, ಅವರವರ ಫಾರಮ್ಮಿನದು ಅವರವರ ಮನೆಗೆ ಎಂಬುದು ಆ ಮೇಜಿನ ಹಳೆಯ ಕಟ್ಟಳೆ. ಕಪಾಟಿಗೆ ಹಾಸಲು, ಒಲೆ ಹಚ್ಚಲು ಒಯ್ಯುತ್ತಿದ್ದರು. ಇನ್ನೊಬ್ಬಳದನ್ನು ಕೇಳಿದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದು ಹೇಳಹೊರಟರೆ ಕುರ್ಚಿಯ ವಿಷಯ ಬರುತ್ತದೆ. ಅದು ಬಂದರೆ ಮಡಿಕೆಯಕ್ಕನಿಗೆ ಅಳು ಬರುತ್ತದೆ. ಅದಕ್ಕಿಂತ ಹದಿನಾರು ಪುಟವೇ ಲೇಸು ಎಂದುಕೊಂಡು, ಮಸಿ ಚೆಲ್ಲಿದ ತನ್ನದೇ ಹಾಳೆ ಎರಡನ್ನು ಸುರುಳಿ ಸುತ್ತಿ ಮನೆಗೆ ತಂದು, ಒಂದರ ಆ ಬದಿ ಇನ್ನೊಂದರ ಈ ಬದಿ ಕಾಣುವಂತೆ ಬಟ್ಟೆ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಮಡಿಸದ ಹಾಳೆಯಲ್ಲಿ ಪುಟಗಳು ಸಾಲಾಗಿ ಇರುವುದಿಲ್ಲ. ಮೂವತ್ತಾರರ ಪಕ್ಕ ನಲವತ್ತೈದು, ಅದರ ಪಕ್ಕ ನಲವತ್ತೆಂಟು, ಅದರ ಪಕ್ಕ ಮೂವತ್ತಮೂರು. ಮೇಲಿನ ಸಾಲಂತೂ ತಲೆಕೆಳಗು. ಮಡಿಸಿದ ಮೇಲಷ್ಟೇ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಓದುವವರು ಒಂದು ಪುಟ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ. ಮಡಿಕೆಯಕ್ಕನ ಕಣ್ಣಿಗೆ ಇಪ್ಪತ್ತಾರು ವರ್ಷದಿಂದ ಹಾಳೆ ಎಂದರೆ ಒಂದೇ ಬಯಲು. ಅವಳು ಆ ತುದಿಯಿಂದ ಈ ತುದಿಗೆ, ನಾಲ್ಕು ಪುಟಕ್ಕೂ ಅಡ್ಡಲಾಗಿ, ಗೆರೆ ಎಳೆದ ಹಾಗೆ ಓದಿದಳು. ಅಡುಗೆಮನೆಯಿಂದ ಒಂದು ಪದ, ಹಾಸಿಗೆಯಿಂದ ಒಂದು, ಆಕಾಶದಿಂದ ಒಂದು, ಮೈಯಿಂದ ಒಂದು. ಹಾಗೆಯೇ ಕಂಠಪಾಠ ಮಾಡಿದಳು.

ಸುತ್ಕರಾಕ್, ಇಬುಲ್, ಪರಾಮ್, ಕ್ವಿ. ಚಮಚ, ಹೊದಿಕೆ, ಗಾಳಿ, ಕಿವಿ.

ಮುಲ್, ಪೆಗೆ, ಪಿ, ಪಾಲ್. ನೀರು, ದಿಂಬು, ಮಳೆ, ಪಾದ.

ಸೊಗುಮ್, ಪುಲ್, ನುನ್, ನುನ್. ಉಪ್ಪು, ದೀಪ, ಹಿಮ, ಕಣ್ಣು.

ಹಿಮಕ್ಕೂ ಕಣ್ಣಿಗೂ ಒಂದೇ ಪದವೇ, ಇಲ್ಲ ಅಚ್ಚಿನವನ ಕೈ ತಪ್ಪಿತೇ ಎಂದು ಮೊದಲು ಅನುಮಾನ ಬಂತು. ಆಮೇಲೆ, ಇರಲಿ, ಚೆನ್ನಾಗಿಯೇ ಇದೆ ಅನಿಸಿತು. ಅವಳು ಹಿಮವನ್ನು ಕಂಡವಳಲ್ಲ. ಪ್ರೆಸ್ಸಿನ ಮೇಜಿನ ಮೇಲೆ ಎತ್ತರದ ಕಿಟಕಿಯಿಂದ ಬಿಸಿಲು ಇಳಿಯುವ ಹೊತ್ತಿಗೆ ಕಾಗದದ ಧೂಳು ನಿಧಾನವಾಗಿ ಆಡುತ್ತಿತ್ತು. ಮಡಿಕೆಯನ್ನು ಒತ್ತುವ ಮೂಳೆಯ ಪಟ್ಟಿ ಕೈಯಲ್ಲಿ ಹೋಗುತ್ತಾ ಬರುತ್ತಾ, ತುಟಿಯಲ್ಲಿ ನಾಲ್ಕು ನಾಲ್ಕು ಪದ. ಎಷ್ಟೋ ಹೊತ್ತು ಅವಳು ಅಲ್ಲಿರುತ್ತಲೇ ಇರಲಿಲ್ಲ. ಯಾವುದೋ ಮನೆಯಲ್ಲಿ ಇರುತ್ತಿದ್ದಳು; ಅಲ್ಲಿ ಹೊದಿಕೆಯೊಳಗೆ ಗಾಳಿ ಬೀಸುತ್ತಿತ್ತು, ದಿಂಬಿನ ಮೇಲೆ ಮಳೆ ಬೀಳುತ್ತಿತ್ತು, ಯಾರ ಪಾದವೋ ನೆನೆಯುತ್ತಿತ್ತು. ಆ ಮನೆಯಲ್ಲಿ ನಾನು ನೀನು ಎಂಬ ಪದವೇ ಇಲ್ಲ. ಅಮ್ಮ ಮಗಳು ಎಂಬುದೂ ಇಲ್ಲ. ಇದ್ದದ್ದು ಬರೀ ಪಾದ, ಬರೀ ನೀರು. ಅಲ್ಲಿ ಅವಳಿಗೆ ಬಹಳ ಹಾಯೆನಿಸುತ್ತಿತ್ತು.

“ಏನೇ ಅದು, ಮಂತ್ರಾನಾ?” ಎಂದು ನಾಲ್ಕನೆಯವಳು ಕೇಳಿದಳು.

“ಹಲ್ಲುನೋವಿಗೆ” ಎಂದಳು ಮಡಿಕೆಯಕ್ಕ. ನಾಲ್ಕನೆಯವಳು ನಂಬಿ, ತನಗೂ ಹೇಳಿಕೊಡು ಎಂದು ಎರಡು ದಿನ ಬೆನ್ನು ಹತ್ತಿದಳು.

ಭಾನುವಾರ ಬಂತು. ಮಡಿಕೆಯಕ್ಕ ಬೆಳಿಗ್ಗೆ ಬೇಗ ಎದ್ದು ಅನ್ನ, ತರಕಾರಿ, ಕೋಳಿಯ ಸೂಪು ಎಲ್ಲ ಮಾಡಿಟ್ಟು, ಕುರ್ಚಿಗಳನ್ನು ಒರೆಸಿ ಜೋಡಿಸಿದಳು. ಮನೆಯಲ್ಲಿದ್ದ ನಾಲ್ಕಕ್ಕೆ ನಾಲ್ಕೂ ಲೆಕ್ಕವಾಗಿದ್ದವು: ಹುಡುಗಿ, ಹುಡುಗ, ಅವನ ತಾಯಿ, ಸೋದರತ್ತೆ. ಹನ್ನೊಂದು ಗಂಟೆಗೆ ಹಿಂಬಾಗಿಲಿನಿಂದ ಹೊರಟು, ಉದ್ಯಾನದ ಬೆಂಚಿನ ಮೇಲೆ ಸಂಜೆಯವರೆಗೆ ಕೂತು ಬರುವುದೆಂದು ಬ್ಯಾಗು ಸಿದ್ಧ ಮಾಡಿಕೊಂಡಿದ್ದಳು. ಬ್ಯಾಗಿನಲ್ಲಿ ಒಂದು ಡಬ್ಬಿ, ಒಂದು ನೀರಿನ ಬಾಟಲಿ.

ಹತ್ತು ಗಂಟೆಗೇ ಮೆಕ್ಯಾನಿಕ್ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಅವರು ಕೂರುವಷ್ಟರಲ್ಲಿ ಫೋನು ಬಂತು. ಸೋದರತ್ತೆ ಒಂದು ಸ್ಟೇಷನ್ ಮೊದಲೇ ಇಳಿದುಬಿಟ್ಟಿದ್ದಳು! ಅಲ್ಲಿಂದ ಕದಲುವುದಿಲ್ಲ, ನೀವೇ ಬನ್ನಿ, ನನ್ನ ಹತ್ತಿರ ಮೂರು ಗಂಟಿದೆ ಎಂದು ಕೂಗುತ್ತಿದ್ದಳು. ಹುಡುಗಿ ಹುಡುಗ ಇಬ್ಬರೂ ಹೊರಡಬೇಕಾಯಿತು.

“ಅರ್ಧ ಗಂಟೇಲಿ ಬಂದ್ಬಿಡ್ತೀವಿ” ಎಂದಳು ಹುಡುಗಿ ಮಡಿಕೆಯಕ್ಕನಿಗೆ, ಗಾಬರಿಯಲ್ಲಿ. “ಅವರಿಗೆ ನಮ್ಮ ಮಾತು ಒಂದಕ್ಷರ ಬರಲ್ಲ. ಸನ್ನೆ ಮಾಡಿ ಸಾಕು. ಆಮೇಲೆ ನೀವು...”

“ಹೊರಡ್ತೀನಿ” ಎಂದು ಮಡಿಕೆಯಕ್ಕ ಮಾತು ಮುಗಿಸಿಕೊಟ್ಟಳು.

ಬಾಗಿಲು ಮುಚ್ಚಿಕೊಂಡಿತು. ಕೋಣೆಯಲ್ಲಿ ಇಬ್ಬರು ಹೆಂಗಸರು ಉಳಿದರು. ಆ ತಾಯಿ ಎಪ್ಪತ್ತರ ಹತ್ತಿರದವಳು, ಪುಟ್ಟ ಆಕೃತಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದಳು. ಇಡೀ ಆಯುಷ್ಯ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದವಳೆಂದು ಹುಡುಗಿ ಯಾವಾಗಲೋ ಹೇಳಿದ್ದಳು. ಅವಳು ನಕ್ಕಳು. ಮಡಿಕೆಯಕ್ಕನೂ ನಕ್ಕಳು. ಮತ್ತೆ ಅವಳು ನಕ್ಕಳು. ಎಷ್ಟು ಸಲ ಅಂತ ನಗುವುದು?

“ಮುಲ್” ಎಂದಳು ಮಡಿಕೆಯಕ್ಕ, ತನಗೇ ಕೇಳಿಸದಷ್ಟು ಮೆಲ್ಲಗೆ.

ಆ ತಾಯಿಯ ಕಣ್ಣು ಅರಳಿದ ರೀತಿ ನೋಡಬೇಕಿತ್ತು. ಕೈಚೀಲ ಪಕ್ಕಕ್ಕಿಟ್ಟು, ಮುಂದಕ್ಕೆ ಬಾಗಿ, ತನ್ನ ಭಾಷೆಯಲ್ಲಿ ಸುರಿದಳು ನೋಡಿ, ಕಟ್ಟೆಯೊಡೆದ ಹಾಗೆ. ಮಡಿಕೆಯಕ್ಕನಿಗೆ ಅದರಲ್ಲಿ ಒಂದು ಪದವೂ ಹಿಡಿಗೆ ಸಿಗಲಿಲ್ಲ. ನೀರು ತಂದುಕೊಟ್ಟಳು. ಆಮೇಲೆ ಏನು ಹೇಳುವುದು? ನಾಲ್ಕು ಪದದ ಸಾಲನ್ನು ಮೊದಲಿನಿಂದ ಹೇಳಿಕೊಳ್ಳದೆ ಅವಳಿಗೆ ನಡುವಿನ ಪದ ನೆನಪಾಗುತ್ತಿರಲಿಲ್ಲ. ಕಿಟಕಿಯಿಂದ ಗಾಳಿ ಬರುತ್ತಿದೆ, ಮುಚ್ಚಲೇ ಎಂದು ಕೇಳಬೇಕಾದರೂ ಚಮಚದಿಂದಲೇ ಶುರುಮಾಡಬೇಕು.

“ಸುತ್ಕರಾಕ್, ಇಬುಲ್, ಪರಾಮ್” ಎಂದು ಹೇಳಿ ಕಿಟಕಿಯ ಕಡೆ ಕೈ ತೋರಿಸಿದಳು.

ಚಮಚ, ಹೊದಿಕೆ, ಗಾಳಿ. ಆ ತಾಯಿ ಒಂದು ಕ್ಷಣ ಯೋಚಿಸಿದಳು. ಇದೇನೋ ಹಾಡಿರಬೇಕು ಎಂದು ತಿಳಿದುಕೊಂಡಳೋ ಏನೋ, ತೊಡೆಯ ಮೇಲೆ ತಾಳ ಹಾಕುತ್ತಾ ಮುಂದಿನದಕ್ಕೆ ಕಾದಳು. ಮಡಿಕೆಯಕ್ಕನಿಗೆ ನಗು ತಡೆಯಲಾಗಲಿಲ್ಲ. “ಕ್ವಿ” ಎಂದು ಸಾಲು ಪೂರ್ತಿ ಮಾಡಿದಳು. ಎರಡನೇ ಸಾಲು ಹೇಳಿದಳು. ಮೂರನೆಯದನ್ನು ಹೇಳುವಾಗ ಆ ತಾಯಿಯೂ ದನಿಗೂಡಿಸಿದಳು. ತಪ್ಪಿದ ಕಡೆ ಬೆರಳೆತ್ತಿ ತಿದ್ದಿದಳು. ತಿದ್ದಿದ್ದನ್ನು ಇವಳು ಮತ್ತೆ ಹೇಳಿದಳು. ಸೊಗುಮ್, ಪುಲ್, ನುನ್, ನುನ್. ಉಪ್ಪು, ದೀಪ, ಹಿಮ, ಕಣ್ಣು. ಆ ತಾಯಿ ತನ್ನ ಬೆರಳುಗಳನ್ನು ಮೇಲಿನಿಂದ ಮೆಲ್ಲಗೆ ಇಳಿಸಿ ಹಿಮ ಬೀಳುವುದನ್ನು ತೋರಿಸಿದಳು. ಮಡಿಕೆಯಕ್ಕ ಕಣ್ಣು ಮುಚ್ಚಿಕೊಂಡಳು. ಇವಳಿಗೆ ಹಿಮ ಬಿದ್ದದ್ದೇ ಬಿದ್ದದ್ದು.

ಅರ್ಧ ಗಂಟೆ ಒಂದು ಗಂಟೆಯಾಯಿತು. ಹನ್ನೊಂದು ಹೊಡೆದದ್ದು ಮಡಿಕೆಯಕ್ಕನಿಗೆ ಕೇಳಿಸಲೇ ಇಲ್ಲ. ಇಬ್ಬರೂ ಎದ್ದು ಮನೆಯೆಲ್ಲ ಸುತ್ತಿದರು, ಒಂದೊಂದನ್ನೇ ಮುಟ್ಟುತ್ತಾ, ಹೆಸರು ಹೇಳುತ್ತಾ. ಹಾಗೆ ಸುತ್ತುತ್ತಾ ಹುಡುಗಿಯ ಕೋಣೆಗೆ ಬಂದರು. ಕಿರಿದಾದ ಮಂಚ, ನೀಲಿ ಹೊದಿಕೆ. ಆ ತಾಯಿ ಮಂಚದ ತುದಿಯನ್ನು ತಟ್ಟಿ, ಹುಬ್ಬೇರಿಸಿ ಕೇಳಿದಳು: ಇದು ಅವಳದಾ?

ಹೌದು ಎಂಬ ಪದ ಮೂರನೇ ಫಾರಂನಲ್ಲಿ ಇಲ್ಲ. ತಲೆಯಾಡಿಸಿದಳು. ಆಮೇಲೆ ಏನಾಯಿತೋ, ಹದಿನೆಂಟು ವರ್ಷ ಬಾಯಿ ಹೊಲಿದುಕೊಂಡಿದ್ದ ಹೆಂಗಸು ಮಾತಾಡತೊಡಗಿದಳು.

ಕಿವಿ ಮುಟ್ಟಿ ತೋರಿಸಿದಳು, ಎಡಗಿವಿ. “ಕ್ವಿ. ಪರಾಮ್. ಆಪಾಯೊ.” ಕಿವಿ, ಗಾಳಿ, ನೋವು. ಚಳಿಗಾಳಿಗೆ ಅವಳಿಗೆ ಎಡಗಿವಿ ನೋಯುತ್ತದೆ. ಆ ತಾಯಿ ತನ್ನ ಕಿವಿ ಮುಟ್ಟಿಕೊಂಡು ತಲೆಯಾಡಿಸಿದಳು. “ಯೊಲ್. ಮುಲ್. ಸುತ್ಕರಾಕ್.” ಜ್ವರ, ನೀರು, ಚಮಚ. ಜ್ವರ ಬಂದರೆ ಲೋಟದಲ್ಲಿ ಕೊಟ್ಟ ನೀರು ಕುಡಿಯುವುದಿಲ್ಲ, ಚಮಚದಲ್ಲಿ ಕೊಡಬೇಕು. “ಕಿಚಿಮ್. ಪೆಗೆ.” ಕೆಮ್ಮು, ದಿಂಬು. ಕೆಮ್ಮಿದ್ದಾಗ ಎರಡು ದಿಂಬು. ಒಬ್ಬ ಹೆಣ್ಣುಮಗಳನ್ನು ಬೇರೆ ಮನೆಗೆ ಒಪ್ಪಿಸುವಾಗ ಹೇಳಬೇಕಾದ್ದೆಲ್ಲ ಆ ಹದಿನಾರು ಪುಟದಲ್ಲೇ ಇತ್ತು ನೋಡಿ.

ಇನ್ನೊಂದು ಉಳಿದಿತ್ತು. ಅಲ್ಲಿ ಮಡಿಕೆಯಕ್ಕ ತಡೆದಳು.

ಹುಡುಗಿ ಚಿಕ್ಕಂದಿನಿಂದಲೂ ನಿದ್ದೆಯಲ್ಲಿ ಕಾಲುಗಳನ್ನು ಹೊದಿಕೆಯಿಂದ ಹೊರಗೆ ಚಾಚುತ್ತಿದ್ದಳು. ಬೆಳಗಿನ ಜಾವಕ್ಕೆ ಪಾದ ಮಂಜುಗಡ್ಡೆಯಾಗಿ, ಮರುದಿನ ನೆಗಡಿ. ಮಡಿಕೆಯಕ್ಕ ಮದುವೆಯಾಗಿ ಬಂದ ಮೊದಲ ತಿಂಗಳಿನಿಂದಲೇ ನಡುರಾತ್ರಿ ಎದ್ದು ಹೋಗಿ, ಸದ್ದಾಗದಂತೆ ಆ ಪಾದಗಳನ್ನು ಒಳಗೆ ಸೇರಿಸಿ, ಹೊದಿಕೆ ಸಿಕ್ಕಿಸಿ ಬರುತ್ತಿದ್ದಳು. ಒಂದು ವರ್ಷ ಕಳೆದ ಮೇಲೆ ಒಮ್ಮೆ ಸೋದರತ್ತೆ ಬಂದಿದ್ದಾಗ, ಹುಡುಗಿ ಅವಳ ಕಿವಿಯಲ್ಲಿ ಹೇಳಿದ್ದು ಅಡುಗೆಮನೆಗೆ ಕೇಳಿಸಿತು: “ಅತ್ತೆ, ಅಮ್ಮ ದಿನಾ ಬರ್ತಾಳೆ ಗೊತ್ತಾ? ನನ್ನ ಕಾಲಿಗೆ ಹೊದಿಸಿ ಹೋಗ್ತಾಳೆ.”

ಮಡಿಕೆಯಕ್ಕ ಆ ದಿನ ಒಲೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಅದು ನಾನು ಎಂದು ಹೇಳಿದರೆ ಆ ಮಗು ಎರಡನೇ ಸಲ ತಾಯಿಯನ್ನು ಕಳೆದುಕೊಳ್ಳುತ್ತದೆ. ಬೇಡ. ಹೋದವಳಿಗೆ ಈ ಮನೆಯಲ್ಲಿ ಒಂದು ಕೆಲಸವಾದರೂ ಇರಲಿ ಎಂದುಕೊಂಡಳು. ಅಂದಿನಿಂದ ಇನ್ನೂ ಹುಷಾರಾಗಿ, ಬಳೆ ತೆಗೆದಿಟ್ಟು ಹೋಗುತ್ತಿದ್ದಳು. ಗಂಡನಿಗೂ ಹೇಳಲಿಲ್ಲ.

ಇಂದು ಈ ಪರದೇಶದ ಹೆಂಗಸು ಮಂಚದ ತುದಿಯಲ್ಲಿ ಕೂತು, ಇನ್ನೂ ಏನೋ ಇದೆ, ಹೇಳು ಎಂಬಂತೆ ಕಾಯುತ್ತಿದ್ದಳು. ಯಾರಿಗೂ ತಿಳಿಯದ ಭಾಷೆ, ನಾಳೆ ಹಾರಿಹೋಗುವ ಹೆಂಗಸು. ಬಾವಿಗೆ ಹೇಳಿದ ಹಾಗೆ ಎಂದುಕೊಂಡಳು ಮಡಿಕೆಯಕ್ಕ.

“ಪಾಲ್” ಎಂದಳು. ಪಾದ. ಹೊದಿಕೆಯಿಂದ ಹೊರಗೆ ಚಾಚಿದಂತೆ ತೋರಿಸಿದಳು. “ಇಬುಲ್.” ಹೊದಿಕೆ. ಅದನ್ನು ಎಳೆದು, ಮಂಚದ ತುದಿಗೆ ಮೆಲ್ಲಗೆ ಸಿಕ್ಕಿಸಿದಳು. ದಿನಾ ದಿನಾ ಎಂಬ ಪದ ಇರಲಿಲ್ಲ. ಮೂರು ಸಲ, ನಾಲ್ಕು ಸಲ ಸಿಕ್ಕಿಸಿ ತೋರಿಸಿದಳು. ನಾನು ಎಂಬ ಪದ ಇರಲಿಲ್ಲ. ಅಂಗೈಯನ್ನು ಮುಂದೆ ಚಾಚಿದಳು. “ಸೊನ್.” ಕೈ.

ಆ ತಾಯಿ ಆ ಕೈಯನ್ನು ಹಿಡಿದುಕೊಂಡಳು. ಮೂಳೆಪಟ್ಟಿಯಿಂದ ಹೆಬ್ಬೆರಳ ಬುಡದಲ್ಲಿ ಎದ್ದ ಜಡ್ಡನ್ನು ಉಜ್ಜಿ ನೋಡಿದಳು. ಕಾಲುಚೀಲದ ಯಂತ್ರ ಸೊಟ್ಟ ಮಾಡಿದ ತನ್ನ ತೋರುಬೆರಳನ್ನು ಅದರ ಪಕ್ಕ ಇಟ್ಟು ತೋರಿಸಿದಳು. ಇಬ್ಬರೂ ಹಾಗೇ ಕೂತಿದ್ದರು. ಹೊತ್ತು ಎಲ್ಲಿ ಹೋಯಿತೋ ತಿಳಿಯದು.

ಹೊರಗೆ ಸೋದರತ್ತೆಯ ದನಿ ಕೇಳಿ ಮಡಿಕೆಯಕ್ಕ ಬೆಚ್ಚಿ ಎದ್ದಳು. ಗಂಟೆ ಹನ್ನೊಂದೂವರೆ! ಓಡಿಹೋಗಿ ಅಡುಗೆಮನೆ ಸೇರಿಕೊಂಡು, ಬ್ಯಾಗು ಭುಜಕ್ಕೆ ಹಾಕಿಕೊಂಡಳು. ಮೂರು ಗಂಟುಗಳೊಡನೆ ಸೋದರತ್ತೆ ಒಳಗೆ ಬಂದು, ನಡುವಿನ ಕುರ್ಚಿಯಲ್ಲಿ ಉಸ್ಸೆಂದು ಕೂತು, ರೈಲ್ವೆಯವರನ್ನು ಬೈಯತೊಡಗಿದಳು. ಆದರೆ ಮೆಕ್ಯಾನಿಕ್ಕನ ತಾಯಿ ಕೂರಲಿಲ್ಲ. ಮಗನ ತೋಳು ಹಿಡಿದು ಉದ್ದಕ್ಕೆ ಏನೋ ಹೇಳಿದಳು. ನಡುನಡುವೆ ಕಿವಿ ಮುಟ್ಟಿಕೊಂಡಳು, ಕೆಮ್ಮಿ ತೋರಿಸಿದಳು.

ಹಿಂಬಾಗಿಲ ಚಿಲಕಕ್ಕೆ ಹೋಗಿದ್ದ ಮಡಿಕೆಯಕ್ಕನ ಕೈ ಅಲ್ಲೇ ನಿಂತಿತು. ಬಾವಿಗೆ ಒಬ್ಬ ಮಗನಿದ್ದಾನೆ, ಆ ಮಗನಿಗೆ ಎರಡೂ ಭಾಷೆ ಬರುತ್ತದೆ ಎಂಬುದು ಅವಳಿಗೆ ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನೆ ಹೇಳುತ್ತಾರೆಯೇ?

“ನಮ್ಮಮ್ಮ ಕೇಳ್ತಿದಾರೆ,” ಎಂದ ಮೆಕ್ಯಾನಿಕ್ ಹುಡುಗಿಗೆ, “ಆ ಒಳಗಿನ ಅಕ್ಕ ಯಾರು ಅಂತ. ನಿನ್ನ ಎಡಗಿವಿ ಗಾಳಿಗೆ ನೋಯುತ್ತಂತೆ, ಹೌದಾ? ಜ್ವರ ಬಂದ್ರೆ ಚಮಚದಲ್ಲಿ ನೀರು ಕೊಡಬೇಕಂತ ಅವರು ಅಮ್ಮಂಗೆ ಹೇಳಿಕೊಟ್ರಂತೆ. ಆಮೇಲೆ, ನೀನು ನಿದ್ದೆಯಲ್ಲಿ ಕಾಲು ಹೊರಗೆ ಹಾಕ್ತೀಯಂತೆ. ಅವರು ದಿನಾ ಬಂದು ಹೊದಿಸ್ತಾರಂತೆ. ಇಷ್ಟೆಲ್ಲ ಗೊತ್ತಿರೋರು ಅಡುಗೆಮನೇಲಿ ಯಾಕೆ ನಿಂತಿದಾರೆ ಅಂತ ಅಮ್ಮ ಕೇಳ್ತಿದಾರೆ.”

“ಅಯ್ಯೋ, ಹೊದಿಸ್ತಿದ್ದದ್ದು ಇವಳ ಅಮ್ಮ ಅಲ್ವಾ!” ಎಂದಳು ಸೋದರತ್ತೆ. “ಇವಳೇ ನಂಗೆ ಹೇಳಿದ್ಳು, ಚಿಕ್ಕೋಳಿದ್ದಾಗ. ಸತ್ತರೂ ಮಗಳನ್ನ ಬಿಟ್ಟಿಲ್ಲ ನೋಡು ನಮ್ಮತ್ತಿಗೆ ಅಂತ ನಾನು ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ.”

ಅಡುಗೆಮನೆಯಲ್ಲಿ ಮಡಿಕೆಯಕ್ಕ ಚಿಲಕದಿಂದ ಕೈ ತೆಗೆದಳು. ಕುರ್ಚಿ ಹೋದರೆ ಹೋಗಲಿ. ಹದಿನೇಳು ವರ್ಷ ಜೋಪಾನ ಮಾಡಿದ್ದನ್ನು ಒಂದೇ ಗಂಟೆಯಲ್ಲಿ ಹಾಳು ಮಾಡಿದೆನಲ್ಲ, ಮಗುವಿನ ತಾಯಿಯನ್ನು ಕಿತ್ತುಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಹೆಜ್ಜೆಯ ಸದ್ದಾಯಿತು. ಹುಡುಗಿ ಬಾಗಿಲಿಗೆ ಬಂದು ನಿಂತಳು.

“ಅವರಿಗೆ ಸರಿಯಾಗಿ ತಿಳಿದಿಲ್ಲ,” ಎಂದು ಮಡಿಕೆಯಕ್ಕ ತಡವರಿಸಿದಳು. “ನಂಗೆ ಹದಿನಾರೇ ಪುಟ ಬರೋದು. ಏನೋ ಹೇಳೋಕೆ ಹೋಗಿ ಏನೋ ಆಯ್ತು. ಬರ್ತಿದ್ದದ್ದು ನಿಮ್ಮಮ್ಮನೇ. ನಾನಲ್ಲ.”

“ನಂಗೆ ಗೊತ್ತಿತ್ತು.”

“ಏನು?”

“ಅತ್ತೆಗೆ ಹೇಳಿದ್ನಲ್ಲ, ಅದಾದ ಎರಡೇ ತಿಂಗಳಿಗೆ ಗೊತ್ತಾಯ್ತು. ಕೈಯಲ್ಲಿ ಮಸಿ ವಾಸನೆ, ಕಾಗದದ ವಾಸನೆ. ನಮ್ಮಮ್ಮ ಪ್ರೆಸ್ಸಲ್ಲಿ ಇರ್ಲಿಲ್ಲ.” ಹುಡುಗಿ ಹೊಸಿಲು ದಾಟಿ ಒಳಗೆ ಬಂದಳು. “ಆಮೇಲೆ ನಾನು ನಿದ್ದೇಲಿ ಕಾಲು ಹೊರಗೆ ಹಾಕಿದ್ದೇ ಇಲ್ಲ. ಎಚ್ಚರವಾಗೇ ಇರ್ತಿದ್ದೆ. ಬೇಕೂಂತಲೇ ಕಾಲು ಹೊರಗೆ ಇಟ್ಕೊಂಡು ಕಾಯ್ತಿದ್ದೆ.”

“ಒಂದು ಸಲ ಹೇಳಬಾರದಿತ್ತಾ?” ಎಂದಳು ಮಡಿಕೆಯಕ್ಕ.

ಹುಡುಗಿ ಅವಳ ಭುಜದಿಂದ ಬ್ಯಾಗನ್ನು ತೆಗೆದು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟಳು.

“ಹೇಳಿದ್ರೆ ನೀನು ಬರೋದು ನಿಲ್ಲಿಸಿಬಿಡ್ತೀಯಾ ಅಂತ ಹೆದರಿಕೆ ಇತ್ತು,” ಎಂದಳು. “ಬಾ, ಅವರು ಕಾಯ್ತಿದಾರೆ. ನನ್ನ ಕುರ್ಚೀಲಿ ಕೂತ್ಕೋ.”